ಹೆರಿಗೆ ವಾರ್ಡಿನ ಬಿ.ಪಿ. ಇಂಜೆಕ್ಷನ್: ಲ್ಯಾಬೆಟಲಾಲ್ ಕೊಡುವ ಮೊದಲು ಏನು ಹೇಳಬೇಕು, ಕೊಟ್ಟ ಮೇಲೆ ಏನು ನೋಡಬೇಕು

"ಬಿ.ಪಿ.ಗೆ ಇಂಜೆಕ್ಷನ್ ಕೊಟ್ರು, ಮಗೂಗೆ ಏನಾದ್ರೂ ಆಗುತ್ತಾ?" "ತಲೆ ಮೇಲೆ ಇರುವೆ ಹರಿದಾಡಿದ ಹಾಗಿದೆ ಅಂತಾಳೆ, ಇದು ಆ ಔಷಧಿಯಿಂದಲೇನಾ?" "ಬಾತ್‌ರೂಮಿಗೂ ಎದ್ದು ಹೋಗಬೇಡಿ ಅಂತಾರೆ, ಯಾಕೆ?" "ಮನೇಲಿ ತಗೊಳ್ತಿದ್ದ ಮಾತ್ರೆ ಮುಂದುವರಿಸಬಹುದಾ?"

ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವಳು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಈ ನಾಲ್ಕು ಪ್ರಶ್ನೆ ಕೇಳದ ದಿನವೇ ಇಲ್ಲ. ಕೇಳುವವರು ಗಾಬರಿಯಲ್ಲಿರುತ್ತಾರೆ, ಉತ್ತರ ಕೊಡಬೇಕಾದವರು ಅವಸರದಲ್ಲಿರುತ್ತಾರೆ. ಬಿಡುವಿದ್ದಾಗ ನೀವೇ ಓದಿಕೊಂಡಿರಲಿ ಎಂದು ಬರೆಯುತ್ತಿದ್ದೇನೆ. ಗರ್ಭಿಣಿಯೇ ಓದಿದರೆ ಒಳ್ಳೆಯದು. ಜೊತೆಗೆ ಆಸ್ಪತ್ರೆಗೆ ಹೋಗುವ ಗಂಡ, ಅಮ್ಮ, ಅತ್ತೆ ಓದಿದರೆ ಇನ್ನೂ ಒಳ್ಳೆಯದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಇಂಜೆಕ್ಷನ್ ಆಸ್ಪತ್ರೆಯಲ್ಲಿ, ಬಿ.ಪಿ. ಯಂತ್ರ ಪಕ್ಕದಲ್ಲಿಟ್ಟುಕೊಂಡೇ ಕೊಡುವಂಥದ್ದು. ಕೆಳಗೆ ಬರುವ ಮಿಲಿಗ್ರಾಂ ಲೆಕ್ಕ ನಿಮ್ಮ ತಿಳಿವಳಿಕೆಗೆ ಮಾತ್ರ. ಇದನ್ನು ಓದಿ ಯಾರೂ ಮನೆಯಲ್ಲಿ ಕೊಡುವುದಾಗಲಿ, ಆಸ್ಪತ್ರೆಯಲ್ಲಿ ಬೇಡವೆನ್ನುವುದಾಗಲಿ ಮಾಡಬಾರದು.

ಯಾಕೆ ಕೊಡುತ್ತಾರೆ, ಒಳಗೆ ಏನು ಮಾಡುತ್ತದೆ

ಗರ್ಭ ನಿಂತು 20 ವಾರ ಕಳೆದ ಮೇಲೆ ಬಿ.ಪಿ. 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಅಥವಾ ಲಿವರ್, ಕಿಡ್ನಿ, ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಏರುಪೇರು ಕಾಣಿಸಿಕೊಂಡರೆ ಅದನ್ನು ಪ್ರೀಎಕ್ಲಾಂಪ್ಸಿಯಾ ಎನ್ನುತ್ತಾರೆ. ನಮ್ಮಲ್ಲಿ ಹಳೆಯ ಮಾತು ಬಸಿರು ನಂಜು. ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿ, ಹದಿನೈದು ನಿಮಿಷ ಬಿಟ್ಟು ನೋಡಿದರೂ ಹಾಗೇ ಇದ್ದರೆ ಅದು ತುರ್ತು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಔಷಧ ಒಳಗೆ ಹೋಗಬೇಕು. ತಡವಾದರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಆಗ ಬಳಸುವ ಮುಖ್ಯ ಔಷಧಗಳಲ್ಲಿ ಲ್ಯಾಬೆಟಲಾಲ್ ಇಂಜೆಕ್ಷನ್ ಒಂದು. ಹೈಡ್ರಲಜಿನ್ ಇಂಜೆಕ್ಷನ್ ಮತ್ತು ನುಂಗುವ ನಿಫೆಡಿಪಿನ್ ಉಳಿದೆರಡು.

ಇದು ಕೆಲಸ ಮಾಡುವ ಬಗೆ ತಿಳಿದರೆ ಮುಂದಿನದೆಲ್ಲ ಸುಲಭ. ಗಾಬರಿಯಾದಾಗ, ಓಡಿದಾಗ ನಮ್ಮ ದೇಹದಲ್ಲಿ ಅಡ್ರಿನಾಲಿನ್ ಮತ್ತು ಅದರ ಸಂಬಂಧಿ ರಾಸಾಯನಿಕಗಳು ಹರಿಯುತ್ತವೆ. ಅವು ಕೀಲಿಕೈ ಎಂದುಕೊಳ್ಳಿ. ರಕ್ತನಾಳದ ಗೋಡೆಯಲ್ಲಿರುವ ಬೀಗಕ್ಕೆ ಆಲ್ಫಾ ಎಂದು ಹೆಸರು, ಅದು ತಿರುಗಿದರೆ ನಾಳ ಬಿಗಿಯುತ್ತದೆ. ಹೃದಯದಲ್ಲಿರುವ ಬೀಗ ಬೀಟಾ, ಅದು ತಿರುಗಿದರೆ ಎದೆಬಡಿತ ಜೋರಾಗುತ್ತದೆ. ಲ್ಯಾಬೆಟಲಾಲ್ ಎರಡೂ ಬೀಗಗಳಿಗೆ ಅಡ್ಡ ಕೂರುತ್ತದೆ. ನಾಳ ಸಡಿಲವಾಗುತ್ತದೆ, ಹೃದಯ ಕೂಡ ಗಾಬರಿಯಿಂದ ಓಡುವುದಿಲ್ಲ, ಬಿ.ಪಿ. ಇಳಿಯುತ್ತದೆ. ಇಂಜೆಕ್ಷನ್ ರೂಪದಲ್ಲಿ ಬೀಟಾ ಕಡೆಯ ಬಲ ಆಲ್ಫಾಗಿಂತ ಸುಮಾರು ಏಳು ಪಟ್ಟು, ಮಾತ್ರೆಯಲ್ಲಾದರೆ ಸುಮಾರು ಮೂರು ಪಟ್ಟು.

ಇನ್ನೊಂದು ಬೀಟಾ ಬೀಗ ಶ್ವಾಸನಾಳದಲ್ಲೂ ಇದೆ. ಅಲ್ಲಿ ಅದು ತಿರುಗಿದರೆ ನಾಳ ಅಗಲವಾಗಿ ಉಸಿರಾಟ ಸಲೀಸಾಗುತ್ತದೆ. ಅಲ್ಲಿಗೂ ಲ್ಯಾಬೆಟಲಾಲ್ ಅಡ್ಡ ಕೂರುತ್ತದೆ. ರಕ್ತನಾಳ, ಹೃದಯ, ಶ್ವಾಸನಾಳ: ಈ ಮೂರು ಜಾಗ ನೆನಪಿಟ್ಟುಕೊಳ್ಳಿ. ಅಡ್ಡಪರಿಣಾಮಗಳಾಗಲಿ, ಬೇರೆ ಔಷಧಗಳ ಜೊತೆ ಆಗುವ ಘರ್ಷಣೆಗಳಾಗಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

1. ಆಸ್ಪತ್ರೆಗೆ ಹೊರಡುವಾಗ ಮಾತ್ರೆಗಳ ಚೀಲವನ್ನೇ ತನ್ನಿ

ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು ಎಲ್ಲರೂ ತರುತ್ತಾರೆ. ಮಾತ್ರೆ ಮಾತ್ರ ಮನೆಯಲ್ಲಿ ಫ್ರಿಜ್ಜಿನ ಮೇಲೆ ಉಳಿದಿರುತ್ತದೆ. "ಬಿಳೀ ಮಾತ್ರೆ, ದಿನಕ್ಕೆ ಎರಡು" ಎಂದರೆ ಅದು ಲ್ಯಾಬೆಟಲಾಲ್ ಮಾತ್ರೆಯೂ ಆಗಿರಬಹುದು, ಥೈರಾಯ್ಡಿನದೂ ಆಗಿರಬಹುದು, ಕ್ಯಾಲ್ಸಿಯಂ ಕೂಡ ಆಗಿರಬಹುದು. ಬಣ್ಣ ನೋಡಿ ಯಾರೂ ಔಷಧ ಗುರುತಿಸಲಾರರು.

ಹೆಸರು ಓದಲು ಬರುವಂತೆ ಸ್ಟ್ರಿಪ್ ಸಮೇತ ತನ್ನಿ. ಮಾತ್ರೆ ಮುಗಿದಿದ್ದರೆ ಖಾಲಿ ಸ್ಟ್ರಿಪ್ಪೇ ಸಾಕು. ಒಂದು ಎಚ್ಚರಿಕೆ: ಸ್ಟ್ರಿಪ್ಪನ್ನು ಕತ್ತರಿಸಿ ಮಾತ್ರೆ ಕೊಡುವಾಗ ಹೆಸರಿರುವ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಆ ತುದಿ ಕೇಳಿ ಪಡೆಯಿರಿ, ಇಲ್ಲವಾದರೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಈ ಚೀಲದಲ್ಲಿ ಜನ ಸೇರಿಸದೆ ಬಿಡುವ ವಸ್ತುಗಳೇ ನನಗೆ ಹೆಚ್ಚು ಬೇಕಾದವು. ನೆಗಡಿಗೆಂದು ಅಂಗಡಿಯಲ್ಲಿ ತಂದ ಮಾತ್ರೆ. ಸೊಂಟನೋವಿಗೆ ನುಂಗಿದ ಗುಳಿಗೆ. ದಮ್ಮಿಗೆ ಎಳೆದುಕೊಳ್ಳುವ ಪಂಪು. ಕೆಮ್ಮಿಗೆ ಕಾಯಿಸಿದ ಕಷಾಯದ ಪುಡಿ. ನಾಟಿ ಔಷಧಿ, ಆಯುರ್ವೇದದ ಲೇಹ್ಯ. "ಅದು ಔಷಧಿ ಅಲ್ಲ ಬಿಡಿ" ಎಂದು ನೀವೇ ತೀರ್ಮಾನ ಮಾಡಬೇಡಿ.

2. ಇಂಜೆಕ್ಷನ್‌ಗೆ ಮೊದಲು ಬಾಯಿಬಿಟ್ಟು ಹೇಳಲೇಬೇಕಾದ್ದು

ಈ ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಆಸ್ತಮಾ, ಉಬ್ಬಸ, ದಮ್ಮು, ಯಾವ ಹೆಸರಿನಿಂದ ಕರೆದರೂ ಸರಿ, ಇದ್ದರೆ ಹೇಳಿ. ಶ್ವಾಸನಾಳದ ಆ ಬೀಗಕ್ಕೆ ಅಡ್ಡ ಬಿದ್ದರೆ ಉಬ್ಬಸದವರ ನಾಳ ಬಿಗಿದು ಉಸಿರು ಕಟ್ಟಬಹುದು. ಅದನ್ನು ಬಿಡಿಸಲು ಕೊಡುವ ಸಾಲ್ಬುಟಮಾಲ್ ಪಂಪು ಕೆಲಸ ಮಾಡಬೇಕಾದ್ದೂ ಅದೇ ಬೀಗದ ಮೇಲೆ. ಹಾಗಾಗಿ ಪಂಪಿನ ಶಕ್ತಿಯೂ ಕುಂದಿರುತ್ತದೆ. ಆಸ್ತಮಾ ಇದ್ದವರಿಗೆ ವೈದ್ಯರು ಲ್ಯಾಬೆಟಲಾಲ್ ಬಿಟ್ಟು ಬೇರೆ ಔಷಧ ಆರಿಸುವುದು ಇದಕ್ಕೇ. "ಚಿಕ್ಕವಳಿದ್ದಾಗ ಇತ್ತು, ಈಗ ಇಲ್ಲ" ಎನ್ನುವುದನ್ನೂ ಹೇಳಿ. ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ.

ಹೇಳದೆ ಬಿಡಲು ಮರೆವೊಂದೇ ಕಾರಣವಲ್ಲ ಎಂಬುದು ನನಗೆ ಗೊತ್ತು. ಮದುವೆಗೆ ಮುಂಚೆ ದಮ್ಮಿನ ವಿಷಯ ಗಂಡಿನ ಕಡೆಯವರಿಗೆ ತಿಳಿಸಿರುವುದಿಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದು, ಫಿಟ್ಸ್ ಬರುತ್ತಿದ್ದುದು ಮುಚ್ಚಿಟ್ಟಿರುತ್ತಾರೆ. ಮಂಚದ ಪಕ್ಕ ಅತ್ತೆ ನಿಂತಿರುವಾಗ ನರ್ಸ್ "ಆಸ್ತಮಾ ಇದೆಯಾ?" ಎಂದು ಕೇಳುತ್ತಾರೆ. ಹುಡುಗಿ ಒಮ್ಮೆ ಅತ್ತೆಯ ಮುಖ ನೋಡಿ "ಇಲ್ಲ" ಎಂದು ತಲೆಯಾಡಿಸುತ್ತಾಳೆ. ಅಂಥ ಒಬ್ಬಳು, ಅತ್ತೆ ಕಾಫಿಗೆಂದು ಹೊರಗೆ ಹೋದ ಕೂಡಲೇ ದಿಂಬಿನಡಿಯಿಂದ ನೀಲಿ ಪಂಪು ತೆಗೆದು ನನ್ನ ಕೈಗಿಟ್ಟಿದ್ದಳು. ಇಂಜೆಕ್ಷನ್ ಆಗಲೇ ಸಿರಿಂಜಿಗೆ ತುಂಬಿಯಾಗಿತ್ತು. ವೈದ್ಯರು ಅದನ್ನು ಬದಿಗಿಟ್ಟು ನಿಫೆಡಿಪಿನ್ ಕೊಟ್ಟರು. ಅವಳು ಬಾಯಿ ಬಿಡದೆ ಇದ್ದಿದ್ದರೆ ಎಂದು ನೆನೆದರೆ ಇವತ್ತಿಗೂ ನನಗೆ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ತಾಯಂದಿರೇ, ನಿಮಗೆ ಎಲ್ಲರೆದುರು ಹೇಳಲಾಗದ್ದು ಏನಾದರೂ ಇದ್ದರೆ "ಸಿಸ್ಟರ್, ನಿಮ್ಮ ಹತ್ತಿರ ಒಂದು ನಿಮಿಷ ಮಾತಾಡಬೇಕು, ಇವರನ್ನ ಹೊರಗೆ ಕಳಿಸಿ" ಎಂದು ಕೇಳಿ. ಅದು ನಿಮ್ಮ ಹಕ್ಕು. ಜೊತೆಗೆ ಬಂದವರೇ, ಔಷಧದ ಪ್ರಶ್ನೆ ಶುರುವಾದಾಗ ಹೇಳಿಸಿಕೊಳ್ಳದೆ ನೀವೇ ಒಂದು ಗಳಿಗೆ ಆಚೆ ಹೋಗಿ ಬನ್ನಿ. ನಿಮ್ಮ ಸೊಸೆಗೆ ನೀವು ಮಾಡುವ ದೊಡ್ಡ ಉಪಕಾರ ಅದು.

ಉಳಿದವು ಇವು. ಹೃದಯದ ತೊಂದರೆ, ಎದೆಬಡಿತ ತೀರಾ ನಿಧಾನ, ಹಾರ್ಟ್ ಬ್ಲಾಕ್ ಎಂದರೆ ಹೃದಯದೊಳಗಿನ ವಿದ್ಯುತ್ ಸಂಕೇತ ನಡುವೆ ತಡೆಯುವುದು, ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ರಕ್ತ ತಳ್ಳಲು ಸೋಲುವುದು: ಇವಿದ್ದರೆ ಈ ಔಷಧ ಸಾಮಾನ್ಯವಾಗಿ ಬೇಡ. ಲಿವರ್ ತೊಂದರೆ, ಹಿಂದೆ ಕಾಮಾಲೆ ಆಗಿದ್ದರೆ ಹೇಳಿ, ಏಕೆಂದರೆ ಲ್ಯಾಬೆಟಲಾಲ್ ಕರಗುವುದು ಲಿವರಿನಲ್ಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ಇದ್ದರೆ ಹೇಳಿ. ಹಿಂದೆ ಯಾವುದಾದರೂ ಔಷಧಕ್ಕೆ ಮೈ ಊದಿದ್ದು, ದದ್ದು ಎದ್ದಿದ್ದು ಇದ್ದರೆ ಅದೂ ಸೇರಲಿ.

3. ಯಾವ ಔಷಧದ ಜೊತೆ ಏನಾಗುತ್ತದೆ

ಎರಡು ಔಷಧ ಒಟ್ಟಿಗೆ ಬಿದ್ದಾಗ ಒಂದು ಇನ್ನೊಂದರ ಬಲ ಹೆಚ್ಚಿಸಬಹುದು, ತಗ್ಗಿಸಬಹುದು, ಇಲ್ಲವೇ ದೇಹ ಕೊಡಬೇಕಾದ ಎಚ್ಚರಿಕೆಯನ್ನೇ ಮುಚ್ಚಿಹಾಕಬಹುದು. ಇದನ್ನೇ ಔಷಧಗಳ ಪರಸ್ಪರ ಕ್ರಿಯೆ ಎನ್ನುತ್ತೇವೆ.

ಬಿ.ಪಿ.ಯನ್ನು ಅತಿಯಾಗಿ ಇಳಿಸುವವು ಮೊದಲು. ನಿಫೆಡಿಪಿನ್, ಮೀಥೈಲ್‌ಡೋಪಾ ಮುಂತಾದ ಬೇರೆ ಬಿ.ಪಿ. ಮಾತ್ರೆಗಳು ಬೆಳಿಗ್ಗೆಯೇ ಹೊಟ್ಟೆಗೆ ಹೋಗಿದ್ದರೆ ಇಂಜೆಕ್ಷನ್ನಿನ ಬಲ ಅದರ ಮೇಲೆ ಸೇರುತ್ತದೆ. ವೈದ್ಯರು ಇವನ್ನು ಬೇಕೆಂದೇ ಜೊತೆಯಾಗಿ ಬಳಸುವುದೂ ಉಂಟು. ಆದರೆ ಅವರಿಗೆ ಗೊತ್ತಿದ್ದು ಬಳಸುವುದಕ್ಕೂ ಗೊತ್ತಿಲ್ಲದೆ ಆಗುವುದಕ್ಕೂ ಅಜಗಜಾಂತರ. "ಇವತ್ತಿನ ಮಾತ್ರೆ ಎಷ್ಟು ಗಂಟೆಗೆ ತಗೊಂಡಿದ್ದು" ಎಂಬುದನ್ನು ಸಮಯ ಸಮೇತ ಹೇಳಿ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಕೂಡ ಇದೇ ಗುಂಪಿಗೆ ಸೇರುತ್ತದೆ.

ಹೃದಯದ ಬಡಿತವನ್ನು ತೀರಾ ನಿಧಾನ ಮಾಡುವವು ವೆರಾಪಮಿಲ್, ಡಿಲ್ಟಿಯಜೆಮ್, ಡಿಜಾಕ್ಸಿನ್. ಹೃದ್ರೋಗವಿದ್ದು ಇವುಗಳಲ್ಲಿ ಯಾವುದಾದರೂ ತೆಗೆದುಕೊಳ್ಳುತ್ತಿರುವ ಗರ್ಭಿಣಿಯರು ಕಡಿಮೆ, ಆದರೆ ಇದ್ದಾಗ ವಿಷಯ ಗಂಭೀರ.

ಅರಿವಳಿಕೆ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಅರಿವಳಿಕೆಯೇ ಬಿ.ಪಿ. ಇಳಿಸುತ್ತದೆ, ಹ್ಯಾಲೋಥೇನ್ ಎಂಬ ಹಳೆಯ ಮಂಪರು ಅನಿಲವಂತೂ ಲ್ಯಾಬೆಟಲಾಲ್ ಜೊತೆ ಸೇರಿದರೆ ಬಲವಾಗಿ ಇಳಿಸುತ್ತದೆ. ಅರಿವಳಿಕೆ ವೈದ್ಯರು ಬಂದು ಮಾತಾಡಿಸುವಾಗ "ಬಿ.ಪಿ. ಇಂಜೆಕ್ಷನ್ ಆಗಿದೆ, ಇಷ್ಟು ಹೊತ್ತಿಗೆ" ಎಂದು ನೀವೂ ಹೇಳಿ. ಕೇಸ್‌ಶೀಟಿನಲ್ಲಿ ಬರೆದಿರುತ್ತಾರೆ, ಆದರೂ ಹೇಳಿ.

ಇನ್ನು ಎಚ್ಚರಿಕೆ ಮುಚ್ಚಿಹಾಕುವುದು. ರಕ್ತದಲ್ಲಿ ಸಕ್ಕರೆ ಇಳಿದಾಗ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ. ಅದು ದೇಹ ಬಾರಿಸುವ ಗಂಟೆ. ಬೀಟಾ ಬೀಗಕ್ಕೆ ಅಡ್ಡ ಬಿದ್ದಿರುವಾಗ ಆ ಗಂಟೆ ಕೇಳಿಸುವುದಿಲ್ಲ. ಬೆವರುವುದು ಮಾತ್ರ ಉಳಿದಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮೈ ತಣ್ಣಗೆ ಬೆವರಿದರೆ ಸೆಕೆ ಎಂದು ಸುಮ್ಮನಾಗದೆ ಕೂಡಲೇ ಸಕ್ಕರೆ ಪರೀಕ್ಷೆ ಮಾಡಿಸಿ.

ಬಿ.ಪಿ. ಇಳಿಯಲು ಬಿಡದಂಥವು ನಮ್ಮ ಮನೆಗಳಲ್ಲೇ ಇವೆ. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆಗಳು ಬಿ.ಪಿ. ಔಷಧದ ಬಲ ತಗ್ಗಿಸುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಗಳು ರಕ್ತನಾಳ ಬಿಗಿಯುತ್ತವೆ. ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಅತಿಮಧುರದ ಬೇರು, ಅದೇ ಜೇಷ್ಠಮಧು, ದಿನವೂ ತಿಂದರೆ ದೇಹದಲ್ಲಿ ಉಪ್ಪು ನೀರು ನಿಲ್ಲಿಸಿ, ಪೊಟ್ಯಾಶಿಯಂ ಇಳಿಸಿ, ಬಿ.ಪಿ. ಏರಿಸುತ್ತದೆ. ಮನೆಮದ್ದು ತಾನೇ ಎಂದು ಇದನ್ನು ಯಾರೂ ವೈದ್ಯರಿಗೆ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಹೆರಿಗೆ ಆದ ಮೇಲೆ ರಕ್ತ ಹೆಚ್ಚು ಹೋದರೆ ಗರ್ಭಕೋಶ ಬಿಗಿಯಲು ಕೊಡುವ ಮೀಥೈಲ್ ಎರ್ಗೊಮೆಟ್ರಿನ್ ಇಂಜೆಕ್ಷನ್ ಬಗ್ಗೆ ಬೇರೆಯಾಗಿ ಹೇಳಬೇಕು. ಅದು ಗರ್ಭಕೋಶದ ಜೊತೆ ರಕ್ತನಾಳವನ್ನೂ ಬಿಗಿದು ಬಿ.ಪಿ.ಯನ್ನು ಧಿಡೀರ್ ಏರಿಸುತ್ತದೆ. ಬಿ.ಪಿ. ಇರುವ ತಾಯಿಗೆ ಅದನ್ನು ಕೊಡುವುದಿಲ್ಲ, ಆಕ್ಸಿಟೋಸಿನ್‌ನಂಥ ಬೇರೆ ದಾರಿಗಳಿವೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಬಂದಿದ್ದರೆ, ಡ್ಯೂಟಿ ಬದಲಾಗಿದ್ದರೆ "ಇವರು ಬಿ.ಪಿ. ಪೇಶೆಂಟು" ಎಂಬ ಮಾತನ್ನು ಹೆರಿಗೆ ಕೋಣೆಗೆ ಹೋಗುವ ಮುಂಚೆ ಮತ್ತೊಮ್ಮೆ ನೆನಪಿಸಿ. ಹೇಳಿದ್ದೇ ಹೇಳುತ್ತಾರೆಂದು ಯಾರಾದರೂ ರೇಗಿದರೂ ಪರವಾಗಿಲ್ಲ.

ಖಿನ್ನತೆಗೆ ಅಥವಾ ತಲೆನೋವಿಗೆ ಅಮಿಟ್ರಿಪ್ಟಿಲಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬೆಟಲಾಲ್ ಜೊತೆ ಕೈನಡುಕ ಹೆಚ್ಚಬಹುದು. ಹೊಟ್ಟೆಯ ಹುಣ್ಣಿನ ಹಳೆಯ ಮಾತ್ರೆ ಸಿಮೆಟಿಡಿನ್ ಲ್ಯಾಬೆಟಲಾಲ್ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ತೀವ್ರ ಅಲರ್ಜಿಗೆ ಕೊಡುವ ಅಡ್ರಿನಾಲಿನ್ ಎಂದಿನಷ್ಟು ಕೆಲಸ ಮಾಡದೇ ಇರಬಹುದು. ಅಡ್ರಿನಲ್ ಗ್ರಂಥಿಯ ಗಡ್ಡೆ ಹುಡುಕಲು ಮಾಡುವ ಮೂತ್ರ ಪರೀಕ್ಷೆಯಲ್ಲಿ ಇದು ಸುಳ್ಳು ಏರಿಕೆ ತೋರಿಸಬಲ್ಲದು.

"ಎರಡೂ ಕೈಗೆ ಯಾಕೆ ಸೂಜಿ ಹಾಕಿದ್ದಾರೆ?" ಎಂದು ಬೇಸರಪಡುವವರಿಗೆ: ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡ್, ಸೋಡಿಯಂ ಬೈಕಾರ್ಬನೇಟ್ ಇವು ಲ್ಯಾಬೆಟಲಾಲ್ ಜೊತೆ ಒಂದೇ ನಳಿಕೆಯಲ್ಲಿ ಬೆರೆಯಬಾರದು. ಬೆರೆತರೆ ಬಿಳಿ ಗಸಿ ಕಟ್ಟುತ್ತದೆ.

4. ಇಂಜೆಕ್ಷನ್ ಕೊಡುವಾಗ

ಔಷಧದ ಸಣ್ಣ ಗಾಜಿನ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 5 ಮಿಲಿಗ್ರಾಂ ಇರುತ್ತದೆ. ಸಾಮಾನ್ಯವಾಗಿ ಮೊದಲು 20 ಮಿಲಿಗ್ರಾಂ, ಎರಡು ನಿಮಿಷದಷ್ಟು ಹೊತ್ತು ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತಾರೆ. ಹತ್ತು ನಿಮಿಷಕ್ಕೆ ಬಿ.ಪಿ. ನೋಡಿ, ಇಳಿಯದಿದ್ದರೆ 40, ಆಮೇಲೆ 80. ಒಟ್ಟು 300 ಮಿಲಿಗ್ರಾಂ ದಾಟಿಸುವುದಿಲ್ಲ. ಐದು ನಿಮಿಷದೊಳಗೆ ಪರಿಣಾಮ ಶುರುವಾಗುತ್ತದೆ.

ಇಲ್ಲಿ ಮನೆಯವರು ಎಡವುವ ಜಾಗ ಒಂದಿದೆ. ಬಿ.ಪಿ. 170ರಿಂದ 148ಕ್ಕೆ ಇಳಿದಿರುತ್ತದೆ. "ಇನ್ನೂ ನಾರ್ಮಲ್ ಆಗಿಲ್ಲವಲ್ಲ, ಇನ್ನೊಂದು ಇಂಜೆಕ್ಷನ್ ಕೊಡಿ" ಎಂದು ಒತ್ತಾಯಿಸುತ್ತಾರೆ. ದಯವಿಟ್ಟು ಒತ್ತಾಯಿಸಬೇಡಿ. ಮಗುವಿಗೆ ರಕ್ತ ಹೋಗುವುದು ಮಾಸಿನ ಮೂಲಕ, ಮಾಸಿಗೆ ರಕ್ತ ತಳ್ಳುವುದು ತಾಯಿಯ ಬಿ.ಪಿ. ಅದನ್ನು ಒಮ್ಮೆಲೇ 120ಕ್ಕೆ ಕೆಡವಿದರೆ ಮಗುವಿಗೆ ಹೋಗುವ ರಕ್ತವೇ ತಗ್ಗುತ್ತದೆ. 140ರಿಂದ 150, ಕೆಳಗಿನದು 90ರಿಂದ 100, ಆ ಹೊತ್ತಿಗೆ ಅಲ್ಲಿ ನಿಂತರೆ ಸಾಕು. ಅಲ್ಲಿ ನಿಲ್ಲಿಸುವುದು ವೈದ್ಯರ ಜಾಣ್ಮೆ, ಉದಾಸೀನವಲ್ಲ.

ಬಹಳ ಸಲ ಇದರ ಜೊತೆಗೇ ಫಿಟ್ಸ್ ಬರದಂತೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಮೈಯೆಲ್ಲ ಬಿಸಿಯಾಗಿ ಮುಖ ಕೆಂಪಾಗುವುದು ಅದರಿಂದ. ಅದಕ್ಕೆ ಲ್ಯಾಬೆಟಲಾಲ್ ಅನ್ನು ದೂರಬೇಡಿ. ಮೆಗ್ನೀಸಿಯಂ ಕೊಟ್ಟವರ ಮಂಡಿಯನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಮೂತ್ರ ಅಳೆಯುತ್ತಾರೆ. ಮಧ್ಯರಾತ್ರಿ ಎಬ್ಬಿಸಿ ಮಾಡಿದರೂ ಸಹಕರಿಸಿ.

5. ಮುಂದಿನ ಮೂರು ಗಂಟೆ ಮಂಚ ಇಳಿಯಬೇಡಿ

ರಕ್ತನಾಳ ಸಡಿಲವಾಗಿದೆ, ಹೃದಯ ಓಡಲಾರದು. ಈ ಸ್ಥಿತಿಯಲ್ಲಿ ತಟ್ಟನೆ ಎದ್ದು ನಿಂತರೆ ರಕ್ತವೆಲ್ಲ ಕಾಲಿಗಿಳಿದು ಮೆದುಳಿಗೆ ಕೊರತೆಯಾಗುತ್ತದೆ, ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಇಂಜೆಕ್ಷನ್ ಆದ ಮೂರು ಗಂಟೆಯೊಳಗೆ ಎಬ್ಬಿಸಿ ನಿಲ್ಲಿಸಿದರೆ 58% ಮಂದಿಗೆ ಹೀಗೆ ತಲೆ ಸುತ್ತುತ್ತದೆ ಎಂದು ಔಷಧದ ಮಾಹಿತಿ ಪತ್ರದಲ್ಲೇ ಇದೆ. ನೂರರಲ್ಲಿ ಐವತ್ತೆಂಟು. ತುಂಬು ಹೊಟ್ಟೆಯವಳು ಬಾತ್‌ರೂಮಿನ ಒದ್ದೆ ನೆಲದ ಮೇಲೆ ಬೀಳುವುದನ್ನು ಊಹಿಸಿಕೊಳ್ಳಿ.

ಬೆಡ್‌ಪ್ಯಾನ್ ಕೇಳಲು ನಾಚಿಕೆ ಬೇಡ. ಗಂಡಸರು ವಾರ್ಡಿನಲ್ಲಿದ್ದರೆ ಪರದೆ ಎಳೆಯಲು ಹೇಳಿ. ಮಲಗುವುದು ಎಡ ಮಗ್ಗುಲಿಗೆ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ಬಿ.ಪಿ. ಇನ್ನಷ್ಟು ಇಳಿಯುತ್ತದೆ. ಮೂರು ಗಂಟೆಯ ನಂತರವೂ ಮೊದಲ ಸಲ ಏಳುವಾಗ ನರ್ಸ್ ಜೊತೆಗಿರಲಿ: ಮೊದಲು ಮಂಚದ ತಲೆಯ ಭಾಗ ಎತ್ತಿಸಿ, ಆಮೇಲೆ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿ, ತಲೆ ಸುತ್ತದಿದ್ದರೆ ಹಿಡಿದುಕೊಂಡು ನಿಲ್ಲಿ. ದೊಡ್ಡ ಪ್ರಮಾಣ ಕೊಟ್ಟಿದ್ದರೆ ಔಷಧದ ಪ್ರಭಾವ ಹದಿನಾರು ಗಂಟೆಯವರೆಗೂ ಉಳಿಯಬಹುದು.

6. ಯಾವುದಕ್ಕೆ ಹೆದರಬೇಕಿಲ್ಲ, ಯಾವುದಕ್ಕೆ ಕೂಗಿ ಕರೆಯಬೇಕು

ತಲೆಯ ಚರ್ಮ ಜುಮುಜುಮು ಎನ್ನುವುದು, ಇರುವೆ ಹರಿದಂತಾಗುವುದು ಈ ಔಷಧದ ಗುರುತಿನ ಚೀಟಿ ಇದ್ದಂತೆ. ನೋಡಲು ವಿಚಿತ್ರ, ಆದರೆ ನಿರಪಾಯ, ತಾನಾಗಿ ಹೋಗುತ್ತದೆ. ಹೇನು ಎಂದು ತಲೆ ಬಾಚಿಸಲು ಕೂರಿಸಬೇಡಿ, ಆ ಹೊತ್ತಿನಲ್ಲಿ ಎದ್ದು ಕೂರುವುದೇ ಅಪಾಯ. ವಾಕರಿಕೆ, ಸ್ವಲ್ಪ ತಲೆಸುತ್ತು, ಬೆವರು, ಸುಸ್ತು, ಮೂಗು ಕಟ್ಟಿದಂತಾಗುವುದು ಸಾಮಾನ್ಯ. ಹೇಳಿ, ಆದರೆ ಗಾಬರಿ ಬೇಡ.

ಹೀಗಾದರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ, ಕೂಗಿ ಕರೆಯಿರಿ:

- ಉಸಿರಾಡುವಾಗ ಸುಂಯ್ ಸುಂಯ್ ಸದ್ದು, ಎದೆ ಬಿಗಿತ, ಮಾತು ಪೂರ್ತಿ ಮಾಡಲಾಗದಷ್ಟು ಏದುಸಿರು
- ಮಲಗಿದ್ದಾಗಲೇ ಕಣ್ಣು ಕತ್ತಲೆ, ಮೈ ತಣ್ಣಗಾಗುವುದು, ಕರೆದರೆ ಓಗೊಡದಿರುವುದು
- ನಾಡಿ ತೀರಾ ನಿಧಾನವಾಗುವುದು
- ತುಟಿ, ನಾಲಿಗೆ, ಮುಖ ಊದಿಕೊಳ್ಳುವುದು
- ತಡೆಯಲಾಗದ ತಲೆನೋವು, ಕಣ್ಣು ಮಂಜು, ಮೇಲ್ಹೊಟ್ಟೆಯಲ್ಲಿ ಬಲಗಡೆ ನೋವು, ಫಿಟ್ಸ್
- ಮಗುವಿನ ಅಲುಗಾಟ ತಗ್ಗಿದಂತೆ ಅನ್ನಿಸುವುದು

ಐದನೆಯದು ಔಷಧದ ಅಡ್ಡಪರಿಣಾಮವಲ್ಲ, ನಂಜೇ ಹೆಚ್ಚಾಗುತ್ತಿರುವ ಸೂಚನೆ. ಎರಡನ್ನೂ ಒಂದೇ ಎಂದುಕೊಂಡು "ಇಂಜೆಕ್ಷನ್ ಕೊಟ್ಟಿದ್ದಕ್ಕೆ ಹೀಗೆ, ಸರಿಹೋಗುತ್ತದೆ" ಎಂದು ಸುಮ್ಮನೆ ಕೂರುವುದು ದೊಡ್ಡ ತಪ್ಪು.

ಮುಂದಿನ ದಿನಗಳಲ್ಲಿ ಲ್ಯಾಬೆಟಲಾಲ್ ಮಾತ್ರೆ ಮುಂದುವರಿದಾಗ ಅಪರೂಪಕ್ಕೆ ಲಿವರಿಗೆ ಪೆಟ್ಟಾಗುವುದುಂಟು. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮೈ ತುರಿಕೆ, ಊಟ ಸೇರದಿರುವುದು ಕಂಡರೆ ಕಾಮಾಲೆ ಔಷಧಿಗೆಂದು ಹಳ್ಳಿಗೆ ಹೋಗುವ ಬದಲು ಅವತ್ತೇ ಲಿವರ್ ಪರೀಕ್ಷೆ ಮಾಡಿಸಿ. ತಡಮಾಡಿ ಔಷಧ ಮುಂದುವರಿಸಿದರೆ ಲಿವರ್ ಇನ್ನಷ್ಟು ಕೆಡುತ್ತದೆ.

7. ಬೇರೆ ಆಸ್ಪತ್ರೆಗೆ ಕಳಿಸಿದರೆ

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್, 108ರಲ್ಲಿ ಜಿಲ್ಲಾಸ್ಪತ್ರೆಗೆ ಪ್ರಯಾಣ. ನಮ್ಮಲ್ಲಿ ಎಷ್ಟೋ ಜನರ ದಾರಿ ಇದೇ. ಹೊರಡುವ ಮುನ್ನ ರೆಫರಲ್ ಚೀಟಿಯಲ್ಲಿ ಮೂರು ವಿಷಯ ಇವೆಯೇ ನೋಡಿ: ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ. "ಬಿ.ಪಿ. ಇಂಜೆಕ್ಷನ್ ಕೊಡಲಾಗಿದೆ" ಎಂದಷ್ಟೇ ಬರೆದಿದ್ದರೆ ಅಲ್ಲಿಯವರಿಗೆ 300ರ ಲೆಕ್ಕ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಮೆಗ್ನೀಸಿಯಂ ಕೊಟ್ಟಿದ್ದರೆ ಅದೂ ಹಾಗೇ ಬರೆದಿರಬೇಕು. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಅವಸರದಲ್ಲಿ ಕಾಗದ ಕಳೆಯುವುದು ಹೊಸದಲ್ಲ. ಆಂಬುಲೆನ್ಸಿನಲ್ಲೂ ಮಲಗಿಯೇ ಹೋಗಬೇಕು.

8. ಹುಟ್ಟಿದ ಮಗು

ಔಷಧ ಮಾಸು ದಾಟಿ ಮಗುವಿಗೂ ಸ್ವಲ್ಪ ತಲುಪುತ್ತದೆ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವರಲ್ಲಿ ಹುಟ್ಟಿದ ಮೇಲೆ ಸಕ್ಕರೆ ಇಳಿಯುವುದು, ಎದೆಬಡಿತ ನಿಧಾನವಾಗುವುದು, ಬಿ.ಪಿ. ತಗ್ಗುವುದು, ಉಸಿರಾಟ ಮಂದವಾಗುವುದು ಕಾಣುತ್ತದೆ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಲ್ಲಿ ಇದು ಹೆಚ್ಚು. ಮೊದಲ ಒಂದೆರಡು ದಿನ ಹಿಮ್ಮಡಿಗೆ ಚುಚ್ಚಿ ಹನಿ ರಕ್ತ ತೆಗೆದು ಸಕ್ಕರೆ ನೋಡುವುದು ಇದಕ್ಕಾಗಿ. ಆ ಪುಟ್ಟ ಹಿಮ್ಮಡಿ ನೋಡಿ ಅಜ್ಜಿಯಂದಿರಿಗೆ ಕರುಳು ಚುರ್ ಎನ್ನುತ್ತದೆ, ನನಗೂ ಅನ್ನುತ್ತದೆ. ಆದರೆ ಬೇಡ ಎನ್ನಬೇಡಿ.

ಎದೆಹಾಲಿಗೆ ಹೋಗುವ ಪ್ರಮಾಣ ತೀರಾ ಅಲ್ಪ. ಹಾಲು ನಿಲ್ಲಿಸುವ ಅಗತ್ಯವಿಲ್ಲ, ಬದಲಿಗೆ ಬೇಗ ಹಾಲೂಡಿಸಿದರೆ ಮಗುವಿನ ಸಕ್ಕರೆ ಇಳಿಯದಂತೆ ಅದೇ ಕಾಯುತ್ತದೆ. "ಔಷಧಿ ಇರೋ ಹಾಲು ಬೇಡ" ಎಂದು ಮೊದಲ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಮಗು ಹಾಲು ಕುಡಿಯದೆ ಜೋಲು ಬಿದ್ದರೆ, ನಡುಗಿದರೆ, ಮೈ ತಣ್ಣಗಾದರೆ ತಕ್ಷಣ ತೋರಿಸಿ.

9. ಮನೆಗೆ ಹೋದ ಮೇಲೆ

"ಹೆರಿಗೆ ಆಯ್ತು, ಬಿ.ಪಿ. ಹೋಯ್ತು" ಎನ್ನುವುದು ನಮ್ಮಲ್ಲಿ ಆಳವಾಗಿ ಬೇರುಬಿಟ್ಟ ನಂಬಿಕೆ. ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ಬಿ.ಪಿ. ಮತ್ತೆ ಏರುವುದು ಸಾಮಾನ್ಯ. ಆ ಹೊತ್ತಿಗೆ ಬಾಣಂತಿ ತವರಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿರುತ್ತಾಳೆ, ತಲೆನೋವು ಎಂದರೆ "ಶೀತ" ಎನ್ನುತ್ತಾರೆ. ಮೂರು ದಿನದೊಳಗೆ ಒಮ್ಮೆ, ಹತ್ತು ದಿನದೊಳಗೆ ಇನ್ನೊಮ್ಮೆ ಬಿ.ಪಿ. ನೋಡಿಸಿ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಬಿ.ಪಿ. ಇತ್ತೆಂದು ಹೇಳಿ. ಮತ್ತೆ 160/110 ಬಂದರೆ ಮನೆಯಲ್ಲಿ ಮಾತ್ರೆ ಹೆಚ್ಚಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಲ್ಯಾಬೆಟಲಾಲ್ ಮಾತ್ರೆ ಬರೆದಿದ್ದರೆ ದಿನವೂ ಒಂದೇ ರೀತಿ, ಊಟದ ಜೊತೆಗಾದರೆ ಊಟದ ಜೊತೆಗೇ ತೆಗೆದುಕೊಳ್ಳಿ, ಏಕೆಂದರೆ ಆಹಾರದ ಜೊತೆ ದೇಹ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಚೆನ್ನಾಗಿದ್ದೇನೆಂದು ತಟ್ಟನೆ ನಿಲ್ಲಿಸಬೇಡಿ. ಹೊಲಿಗೆ ನೋವಿಗೆ ಮಾತ್ರೆ ಬೇಕಾದರೆ ಅಂಗಡಿಯಲ್ಲಿ ಕೇಳದೆ ನಿಮ್ಮ ವೈದ್ಯರನ್ನು ಕೇಳಿ.

ಅಡ್ಡಪರಿಣಾಮ ಆಗಿದ್ದರೆ ಅದನ್ನು ವರದಿ ಮಾಡುವ ಅವಕಾಶ ನಿಮಗೂ ಇದೆ, ವೈದ್ಯರಿಗೆ ಮಾತ್ರವಲ್ಲ. ಕೇಂದ್ರ ಸರ್ಕಾರದ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ರೋಗಿಗಳೇ ತುಂಬುವ ನಮೂನೆ ಕನ್ನಡದಲ್ಲೂ ಇದೆ.

ಕೊನೆಯದಾಗಿ, ಬಿಡುಗಡೆಯ ದಿನ ತಾಯಿ ಕಾರ್ಡಿನ ಮೇಲೆ ಒಂದು ಸಾಲು ಬರೆಸಿಕೊಳ್ಳಿ. ಮುಂದಿನ ಬಸಿರಿಗೆ, ಬೇರೆ ಊರಿನ ಬೇರೆ ವೈದ್ಯರಿಗೆ ಬೇಕಾಗುವುದು ಅದೇ. ಹೀಗಿದ್ದರೆ ಸಾಕು: "ಬಸಿರು ನಂಜು, 34ನೇ ವಾರ. ಲ್ಯಾಬೆಟಲಾಲ್ ಇಂಜೆಕ್ಷನ್ ಒಟ್ಟು 60 ಮಿಲಿಗ್ರಾಂ, ಒಗ್ಗಿದೆ." ಅಥವಾ: "ಆಸ್ತಮಾ ಇದೆ. ಲ್ಯಾಬೆಟಲಾಲ್ ಬೇಡ."